ಚಕ್ರದ ಗೂಡಿನಲ್ಲಿ ಮೂತಿ ಉಜ್ಜಿಕೊಳ್ಳುತ್ತಿದೆ, ಪೈಪೂ ಕಳಚುತ್ತಿದೆ

ಬಾಲದಪೆಟ್ಟು:
ತಲೆ ಕೆಟ್ಟುಹೋಗಿದೆ. ಮನೆಯೊಳಗೆ ದೀಪದ ಕೆಳಗೆ ಹಾಯಾಗಿ ಬಿದ್ದುಕೊಂಡಿರುವ ನನ್ನ ಇಗ್ವಾನಾ (ದೊಡ್ಡ ಜಾತಿಯ ಹಲ್ಲಿ), ಪೈಪಿನಲ್ಲಿ ಕಟ್ಟಿದ ಹೊರಗಿನ ಗೂಡಿಗೆ ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಹುಚ್ಚು ಹಿಡಿದಂತೆ ಆಡುತ್ತದೆ. ಮೂಲೆಗೆ ಓಡುತ್ತದೆ, ಜಾಲರಿಗೆ ಮೂತಿ ಒತ್ತಿ ಅತ್ತಿಂದಿತ್ತ ಎಳೆಯುತ್ತದೆ. ಮೂತಿಯ ತುದಿಯ ಹುರುಪೆ ಸವೆದು ಕೆಂಪಗಾಗಿದೆ. ಒಂದು ತಂತಿಯ ಮೇಲೆ ರಕ್ತ ಒಣಗಿ ಅಂಟಿಕೊಂಡಿದೆ. ಸಾಲದ್ದಕ್ಕೆ ಬಾಲ ಬೀಸಿದಾಗಲೆಲ್ಲ ಕೆಳಗಿನ ಎಲ್ಬೋ (ಪೈಪುಗಳನ್ನು ಮೂಲೆಯಲ್ಲಿ ಸೇರಿಸುವ ಬಾಗಿದ ತುಂಡು) ಕಳಚಿ ಬರುತ್ತದೆ. ಕಟ್ಟುವುದನ್ನೆಲ್ಲ ಸರಿಯಾಗಿಯೇ ಕಟ್ಟಿದ್ದೇನೆ. ಏನು ಮಾಡಲಿ?

ಪೈಪುಜೋಡಣೆ:
ಯಾವ ಜಾತಿ, ಎಷ್ಟು ಉದ್ದ, ಎಷ್ಟು ಇಂಚಿನ ಪೈಪ್, ಗೋಂದು ಹಾಕಿದ್ದೀರೋ ಇಲ್ಲವೋ? ಇಷ್ಟೂ ಹೇಳದೆ ಉತ್ತರ ಕೇಳಿದರೆ ನಾವೇನು ಕಣಿ ಹೇಳಬೇಕೇ?

ಬಾಲದಪೆಟ್ಟು:
ಹಸಿರು ಇಗ್ವಾನಾ, ಇನ್ನೇನು. ಗಂಡು, ಬಾಲ ಸೇರಿ ಒಂದೂವರೆ ಮೀಟರ್. ಒಂದು ಇಂಚಿನ ಪಿವಿಸಿ ಪೈಪ್. ಬಿಚ್ಚಿ ಕಾರಿನಲ್ಲಿ ಒಯ್ಯಬೇಕಾದ್ದರಿಂದ ಗೋಂದು ಹಾಕಿಲ್ಲ.

ತಂತಿಪಂಡಿತ:
ಜಾಲರಿಯದೇ ದೋಷ, ಅನುಮಾನವೇ ಬೇಡ. ಕೋಳಿಗೂಡಿನ ಷಟ್ಕೋನ ಜಾಲರಿ ಹಾಕಿರುತ್ತೀರಿ. ಅದರಲ್ಲಿ ಉಗುರು ಸಿಕ್ಕಿಕೊಂಡು ಗಾಬರಿಯಾಗುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಷ್ (ಬೆಸುಗೆ ಹಾಕಿದ ಚೌಕ ಜಾಲರಿ) ತನ್ನಿ, ಮೇಲೆ ಪ್ಲಾಸ್ಟಿಕ್ ಲೇಪ ಇರಲಿ. ಬರೀ ಸತು ಲೇಪದ್ದಾದರೆ ನೆಕ್ಕುವ ಪ್ರಾಣಿಯ ಹೊಟ್ಟೆಗೆ ಸತು ಹೋಗುತ್ತದೆ.

ಬಾಲದಪೆಟ್ಟು:
ನೀವು ಹೇಳಿದ್ದೇ ಇರುವುದು. ಅರ್ಧ ಇಂಚು, ಹಸಿರು ಲೇಪ.

ತಂತಿಪಂಡಿತ:
ಹಾಗಾದರೆ ಬಣ್ಣ. ಕಪ್ಪು ಲೇಪದ್ದು ಹಾಕಿ ನೋಡಿ.

ಲೋಹವಾದಿ:
ಪಿವಿಸಿಯಲ್ಲಿ ಕಟ್ಟಿ ಬಾಲದ ಏಟು ತಡೆಯಲಿಲ್ಲ ಎನ್ನುವುದು ನ್ಯಾಯವೇ? ನನ್ನದು ಅಲ್ಯೂಮಿನಿಯಂ ಚೌಕ ಕೊಳವೆ, ನಾಲ್ಕು ಕ್ಯಾಸ್ಟರ್ ಚಕ್ರ, ಎರಡಕ್ಕೆ ಬ್ರೇಕ್. ಬಾಗಿಲಿಗೆ ಎರಡು ಚಿಲಕ. ಒಬ್ಬನೇ ತಳ್ಳಿಕೊಂಡು ಹೋಗುತ್ತೇನೆ.

ಪೈಪುಜೋಡಣೆ:
ನಿಮ್ಮದು ಬಿಚ್ಚಿ ಕಾರಿಗೆ ಹಿಡಿಸುತ್ತದೆಯೇ? ಇಲ್ಲವಲ್ಲ. ಪಿವಿಸಿ ಸಾಕು, ಮಧ್ಯೆ ಒಂದು ಅಡ್ಡಪಟ್ಟಿ, ಮೂಲೆಗಳಿಗೆ ಓರೆ ಆಧಾರ ಕೊಡಬೇಕು ಅಷ್ಟೇ. ಪ್ರತಿ ಎಲ್ಬೋಗೂ ಪೈಪಿಗೂ ಸೇರಿಸಿ ಒಂದು ತೂತು ಕೊರೆದು ಬೋಲ್ಟ್ ತೂರಿಸಿ, ಬೆರಳಲ್ಲೇ ತಿರುಗಿಸುವ ರೆಕ್ಕೆ ನಟ್ ಹಾಕಿ. ಬೋಲ್ಟಿನ ತುದಿ ಹೊರಮುಖವಾಗಿರಲಿ.

ಲೋಹವಾದಿ:
ಬಿಸಿಲಿಗೆ ಬಿದ್ದ ಪಿವಿಸಿ ಕ್ರಮೇಣ ಪೆಡಸಾಗಿ ಒಡೆಯುತ್ತದೆ. ಆಗ ನನ್ನನ್ನು ನೆನೆಸಿಕೊಳ್ಳಿ.

ನೆರಳುಗಾರ:
ಚೌಕಟ್ಟಿನ ಜಗಳ ಆಮೇಲೆ ಆಡಬಹುದು. ಛಾವಣಿ ಯಾವುದು? ಗೋಡೆಗಳೆಲ್ಲ ಜಾಲರಿಯೇ? ಗೂಡು ನಿಂತಿರುವುದು ಹುಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ? ಪ್ರಾಣಿ ಬಾಯಿ ತೆರೆದುಕೊಂಡು ಕೂರುತ್ತದೆಯೇ?

ಬಾಲದಪೆಟ್ಟು:
ಮಳೆಗೆಂದು ಮೇಲೆ ಪಾರದರ್ಶಕ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಹಾಳೆ. ಗಾಳಿಗೆಂದು ಮೂರು ಕಡೆ ಪ್ಲೈವುಡ್, ಮುಂದೆ ಮಾತ್ರ ಜಾಲರಿ. ಕಾಂಕ್ರೀಟು. ಬಾಯಿ ತೆರೆಯುತ್ತದೆ, ಅದು ಕೋಪ. ಗಂಡಲ್ಲವೇ.

ನೆರಳುಗಾರ:
ಕೋಪವಲ್ಲ, ಸೆಕೆ. ನೀವು ಕಟ್ಟಿರುವುದು ಒಲೆ. ಬಿಸಿಲು ಒಳಗೆ ಬರುತ್ತದೆ, ಕಾದ ಗಾಳಿ ಮೇಲಿನಿಂದ ಹೋಗಲು ದಾರಿಯಿಲ್ಲ, ಕೆಳಗಿನ ಕಾಂಕ್ರೀಟೂ ಕಾಯುತ್ತದೆ. ತೆರೆದ ಕಡೆ ಒಂದೇ ಇದ್ದರೆ ಅಲ್ಲಿಗೇ ಮೂತಿ ಇಡದೆ ಇನ್ನೆಲ್ಲಿ ಇಡಬೇಕು? ಇನ್ನೊಂದು ಮಾತು: ಹೊರಗೆ ಬಿಡುವುದೇ ಬಿಸಿಲಿನ ಯುವಿಬಿ ಎಂಬ ನೇರಳಾತೀತ ಕಿರಣ ಸಿಗಲೆಂದು. 280ರಿಂದ 315 ನ್ಯಾನೋಮೀಟರಿನ ಆ ಕಿರಣ ಇಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದು, ಕ್ಯಾಲ್ಸಿಯಂ ಮೈಗೆ ಹತ್ತದು. ಪಾಲಿಕಾರ್ಬೊನೇಟ್ ಅದನ್ನೇ ತಡೆಯುತ್ತದೆ, ಕಿಟಕಿ ಗಾಜಿನಂತೆ. ಬೆಳಕು ಬಂತೆಂದರೆ ಯುವಿಬಿ ಬಂತೆಂದಲ್ಲ.

ತಂತಿಪಂಡಿತ:
ಜಾಲರಿಯ ಬಣ್ಣವನ್ನು ಯಾರೂ ಪರೀಕ್ಷಿಸಲೇ ಇಲ್ಲ.

ಕಪ್ಪುಬಿಳಿ:
ನನ್ನ ಟೆಗುವಿಗೆ (ಅದೂ ದೊಡ್ಡ ಹಲ್ಲಿಯೇ) ಇಂಥ ರಗಳೆ ಇಲ್ಲ, ಅದು ಅಗೆಯುತ್ತದೆ. ಹಾಗಾಗಿ ಗೂಡಿನ ತಳಕ್ಕೂ ಜಾಲರಿ ಹಾಕಿ, ಮೇಲೆ ದಪ್ಪಗೆ ಮಣ್ಣು ಹರಡಿದ್ದೇನೆ. ಅಂದ ಹಾಗೆ ಸಂತಾನದ ಋತುವಿನಲ್ಲಿ ಟೆಗುಗಳು ರಾತ್ರಿ ಸುತ್ತಲಿನ ಗಾಳಿಗಿಂತ 10 ಡಿಗ್ರಿಯವರೆಗೆ ಹೆಚ್ಚು ಬೆಚ್ಚಗಿರಬಲ್ಲವು ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ನನ್ನದು ಹಾಗೆಯೇ.

ಪೈಪುಜೋಡಣೆ:
ನಿಮ್ಮದನ್ನು ಅಳೆದಿದ್ದೀರಾ, ಅಥವಾ ಓದಿ ಹೇಳುತ್ತಿದ್ದೀರಾ? ಇಲ್ಲಿ ಮಾತು ಇಗ್ವಾನಾದ್ದು.

ಬಾಲದಪೆಟ್ಟು:
ಇನ್‌ಫ್ರಾರೆಡ್ ಮಾಪಕ ಹಿಡಿದು ನೋಡಿದೆ. ಕೊಂಬೆಯ ಮೇಲೆ ಶಾಖ 47 ಡಿಗ್ರಿ, ನೆರಳಿನ ಮೂಲೆಯಲ್ಲಿ 41. ಆದರೆ ಛಾವಣಿ ತೆಗೆಯುವುದಿಲ್ಲ. ಮಳೆ ಬಂದರೆ?

ನೆರಳುಗಾರ:
ಮಳೆ ಬಂದರೆ ಒಳಗೆ ತಳ್ಳಿಕೊಂಡು ಬನ್ನಿ, ಗೂಡಿಗೆ ಚಕ್ರ ಇಟ್ಟಿರುವುದೇ ಅದಕ್ಕೆ. ಬಿಸಿಲು ಕಾಯುವ ಜಾಗ 35ರಿಂದ 38 ಇರಲಿ, ನೆರಳು 30ರ ಒಳಗಿರಲಿ. 41 ಡಿಗ್ರಿಯ ನೆರಳು ನೆರಳೇ ಅಲ್ಲ. ಮೇಲೆ ಜಾಲರಿ ಹಾಕಿ, ಅರ್ಧಕ್ಕೆ ಮಾತ್ರ ನೆರಳುಬಲೆ ಕಟ್ಟಿ. ಪ್ಲೈವುಡ್ ಎರಡು ಕಡೆ ತೆಗೆದು ಜಾಲರಿ ಹಾಕಿ. ಸುತ್ತಲಿನ ಜಾಲರಿಗಳ ಕೆಳಗಿನ ಒಂದು ಅಡಿ ಅಪಾರದರ್ಶಕ ಪಟ್ಟಿ ಹಚ್ಚಿ, ಆಚೆಯದು ಕಾಣದಿದ್ದರೆ ಉಜ್ಜುವುದು ಕಡಿಮೆಯಾಗುತ್ತದೆ. ನೆರಳುಬಲೆಯ ಕೆಳಗೆ ಎತ್ತರದಲ್ಲಿ ಒಂದು ಮರೆ ಬೇಕೇ ಬೇಕು. ಇಗ್ವಾನಾದ ನೆತ್ತಿಯ ಮೇಲಿನ ಮೂರನೆಯ ಕಣ್ಣಿಗೆ ಚಿತ್ರ ಕಾಣದು, ಹಾಯುವ ನೆರಳು ಮಾತ್ರ ತಿಳಿಯುತ್ತದೆ. ಮೇಲೆ ಹದ್ದು ಹಾರಿದರೂ ಬೆಚ್ಚುತ್ತದೆ. ಮೂತಿಯ ಗಾಯ ಬಾತುಕೊಂಡರೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ. ಇಷ್ಟೆಲ್ಲ ಸರಿಪಡಿಸುವವರೆಗೆ ಈ ಗೂಡಿಗೆ ಬಿಡಬೇಡಿ.

ಬಾಲದಪೆಟ್ಟು:
ಹಾಳೆಯನ್ನು ಪೂರ್ತಿ ತೆಗೆಯದೆ ಅರ್ಧಕ್ಕೆ ಕತ್ತರಿಸಿದರೆ ಆಗುವುದಿಲ್ಲವೇ? ದುಡ್ಡು ಕೊಟ್ಟು ತಂದದ್ದು.

ಲೋಹವಾದಿ:
ಕತ್ತರಿಸುವುದಾದರೆ ಸಣ್ಣ ಹಲ್ಲಿನ ಬ್ಲೇಡ್ ಬಳಸಿ. ನನ್ನ ಹೊಸ ಗರಗಸದ ವಿಚಾರ ಬೇರೆಯೇ ಬರೆಯಬೇಕು, ಅಲ್ಯೂಮಿನಿಯಂ ಬೆಣ್ಣೆಯಂತೆ ಕೊಯ್ಯುತ್ತದೆ.

ಪೈಪುಜೋಡಣೆ:
ಹಲ್ಲು ಎಷ್ಟರದು? ವೃತ್ತಾಕಾರದ ಗರಗಸವೇ?