ಕ್ಲೌಸರ್ ಮಿನ್ನೋ ಮಗ್ಗುಲಾಗಿ ಈಜ್ತದೆ, ಕೂದಲು ಹುಕ್ಕಿಗೆ ಸುತ್ಕೊಳ್ತದೆ. ಏನು ಸರಿ ಮಾಡ್ಬೇಕು?

ತೀರ್ಥಹಳ್ಳಿ_ಗಾಳ:
ಮರಿಮೀನಿನ ಥರ ಕಾಣೋ ಸ್ಟ್ರೀಮರ್ (ಹುಕ್ಕಿಗೆ ಕೂದಲು ಕಟ್ಟಿ ಮಾಡೋ ಹುಸಿ ಎರೆ, ಫ್ಲೈಯಲ್ಲಿ ಒಂದು ಬಗೆ) ಕಟ್ಟೋರು ಇಲ್ಲಿದ್ರೆ ಸ್ವಲ್ಪ ಹೇಳಿ. ಕ್ಲೌಸರ್ ಮಿನ್ನೋ, 4ನೇ ನಂಬರ್ ಹುಕ್, 4.8 ಮಿ.ಮೀ. ಸೀಸದ ಡಂಬೆಲ್ ಕಣ್ಣು (ತೂಕಕ್ಕೆ ಕಟ್ಟೋ ಜೋಡಿಗುಂಡು). ಬಕ್‌ಟೇಲ್ (ಜಿಂಕೆ ಬಾಲದ ಕೂದಲು) ಬದಲು ಮೇಕೆ ಕೂದಲು, ಹೊಟ್ಟೆಗೆ ಬಿಳಿ, ಬೆನ್ನಿಗೆ ಆಲಿವ್. ಎಳೆದಾಗ ಮುಳ್ಳು ಮೇಲಾಗದೆ ಮಗ್ಗುಲಾಗಿ ಬರ್ತದೆ. ನಾಲ್ಕು ಸಲ ಬೀಸಿದ್ರೆ ಕೂದಲು ಹುಕ್ಕಿನ ಬಾಗಿಗೆ ಸುತ್ಕೊಳ್ತದೆ. ಕಣ್ಣನ್ನ ಬೆರಳಲ್ಲಿ ತಳ್ಳಿದ್ರೆ ತಿರುಗ್ತದೆ. ನೀಲಗಿರಿ ಟ್ರೌಟಿಗೂ ನಮ್ಮ ಕಡೆ ಕೊರವ ಮೀನಿಗೂ ಇದೊಂದೇ ಸಾಕಾ? ಜಿಂಕೆ ಬಾಲದ ಕೂದಲು ಇಲ್ಲೇ ಸಿಗ್ತದಾ?

ಹೊಳೆದಂಡೆ:
ಕೊನೇ ಪ್ರಶ್ನೆ ಮೊದಲು. ನಮ್ಮ ಕಾಡಿನ ಜಿಂಕೆ, ಕಡವೆ ಕೂದಲಿನ ಸುದ್ದಿಗೇ ಹೋಗ್ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಟ್ಕೊಳ್ಳೋದೇ ಅಪರಾಧ, ಸತ್ತು ಬಿದ್ದ ಪ್ರಾಣಿದಾದ್ರೂ ಅಷ್ಟೇ. ಬಕ್‌ಟೇಲ್ ಅಂದ್ರೆ ಅಮೆರಿಕದ ಬಿಳಿಬಾಲದ ಜಿಂಕೆದು. ಮೇಕೆ ಧಾರಾಳ ಆಯ್ತು. ಹೋತದ ಗಡ್ಡ ಸಿಕ್ಕಿದ್ರೆ ಬಿಡಬೇಡಿ, ಮೈಕೂದಲಿಗಿಂತ ಉದ್ದ, ಗಡುಸು. ಶ್ಯಾಂಪೂ ಹಾಕಿ ಎರಡು ಸಲ ತೊಳೀರಿ, ಜಿಡ್ಡಿದ್ರೆ ದಾರ ಜಾರ್ತದೆ.

ಕಣ್ಣು ತಿರುಗೋದು ದಾರ ಸುತ್ತೋ ಕ್ರಮದಿಂದ. ಬರೀ ಶ್ಯಾಂಕ್ (ಹುಕ್ಕಿನ ನೇರ ಕಡ್ಡಿ) ಮೇಲೆ ಕಣ್ಣು ಕಟ್ಟಬೇಡಿ, ಮೊದಲು ದಾರದ ಹಾಸು ಹಾಕಿ. ಹುಕ್ಕಿನ ತೂತಿನಿಂದ ಶ್ಯಾಂಕಿನ ಮೂರನೇ ಒಂದು ಭಾಗ ಹಿಂದೆ, ಶ್ಯಾಂಕಿನ ಮೇಲ್ಗಡೆ, ಡಂಬೆಲ್ ಇಟ್ಟು ಎಂಟರ ಆಕಾರದಲ್ಲಿ ಹತ್ತು-ಹನ್ನೆರಡು ಸುತ್ತು. ಆಮೇಲೆ ಬಹಳ ಜನ ಬಿಡೋ ಹೆಜ್ಜೆ: ಕಣ್ಣಿನ ಕೆಳಗೆ, ಶ್ಯಾಂಕಿನ ಮೇಲೆ, ಅಡ್ಡಡ್ಡ ಆರೇಳು ಸುತ್ತು ಬಿಗಿಯಾಗಿ. ಎಂಟರ ಸುತ್ತುಗಳನ್ನ ಹಿಂಡಿ ಬಿಗಿ ಮಾಡೋದು ಇದೇ. ಅಂಟು ಒಂದು ಹನಿ, ಕಟ್ಟಾದ್ಮೇಲೆ. 140 ಡೆನಿಯರ್ ದಾರ ಇದಕ್ಕೆ ಸಾಕು, ತೆಳ್ಳಗಿನದು ಎಳೆದ್ರೆ ತುಂಡಾಗ್ತದೆ.

ಮಗ್ಗುಲಾಗೋದಕ್ಕೆ ಮೊದಲ ಅನುಮಾನ ಕೂದಲು ಜಾಸ್ತಿ ಆಗಿರೋದು. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ಹೊಳೆಯ ಸ್ಮಾಲ್‌ಮೌತ್ ಬಾಸ್ ಮೀನಿಗೆ ಅಂತ ಕಟ್ಟಿದ ಫ್ಲೈ ಇದು. ವೈಸಿನಲ್ಲಿ (ಕಟ್ಟೋವಾಗ ಹುಕ್ ಹಿಡಿಯೋ ಇಕ್ಕಳ) ಬಡಕಲಾಗಿ ಕಾಣ್ಬೇಕು, ಬೆಳಕಿಗೆ ಹಿಡಿದ್ರೆ ಆಚೆಕಡೆ ಕಾಣ್ಬೇಕು. ಹೊಟ್ಟೆಗೆ ಕೂದಲಿನ ಒಂದು ಎಳೆ (ಸಣ್ಣ ಕಟ್ಟು), ಬೆನ್ನಿಗೆ ಒಂದು ಎಳೆ, ಒತ್ತಿ ಹಿಡಿದಾಗ ಪ್ರತಿಯೊಂದೂ ಬೆಂಕಿಕಡ್ಡಿ ದಪ್ಪ. ಅದಕ್ಕಿಂತ ದಪ್ಪ ಆದ್ರೆ ನೀರು ಕೂದಲನ್ನ ತಳ್ಳೋ ಬಲ ಕಣ್ಣಿನ ತೂಕವನ್ನ ಮೀರ್ತದೆ, ಫ್ಲೈ ವಾಲ್ತದೆ. ಎರಡನೇದು, ಬಿಳಿ ಎಳೆ ಎರಡು ಕಣ್ಣಿನ ನಡುವಿನ ತಗ್ಗಿನಲ್ಲೇ ಕೂರ್ಬೇಕು. ದಾರ ಬಿಗಿ ಮಾಡೋವಾಗ ಅದು ನಿಮ್ಮಿಂದ ಆಚೆಕಡೆಗೆ ಜಾರ್ತದೆ, ಅದಕ್ಕೇ ಮೊದಲ ಎರಡು ಸುತ್ತು ಸಡಿಲ ಹಾಕಿ ಆಮೇಲೆ ನೇರ ಮೇಲಕ್ಕೆ ಎಳೀರಿ. ಕಟ್ಟಿದ ಕೂಡ್ಲೆ ಬಕೆಟ್ಟಿನಲ್ಲಿ ಎಳೆದು ನೋಡಿ, ಹೊಳೆಗೆ ಹೋಗಿ ಗೊತ್ತಾಗೋದು ಬೇಡ.

ಬಾಳೆಬೈಲು:
ಗಂಟೂ ನೋಡಿ. ಬಿಗಿ ಕ್ಲಿಂಚ್ ಗಂಟು ಹಾಕಿದ್ರೆ ಫ್ಲೈಯು ಲೀಡರ್ (ಫ್ಲೈ ಕಟ್ಟೋ ತೆಳು ದಾರ) ಎಳೆದ ಕಡೆಗೇ ತಲೆ ತಿರುಗಿಸ್ತದೆ. ಜಾರದ ಕುಣಿಕೆ ಗಂಟು ಹಾಕಿ, ಎಳೆತ ನಿಂತ ತಕ್ಷಣ ತಲೆ ಕೆಳಗಾಗಿ ಬೀಳ್ಬೇಕು. ಮೀನು ಹೆಚ್ಚಾಗಿ ಹಿಡಿಯೋದು ಆ ಬೀಳೋವಾಗಲೇ.

ಸುತ್ಕೊಳ್ಳೋದು ಮೇಕೆ ಕೂದಲಿನ ಗುಣ, ಬಕ್‌ಟೇಲಿಗಿಂತ ಮೆತ್ತಗೆ. ಬಾಗಿನಿಂದ ಹಿಂದಕ್ಕೆ ಶ್ಯಾಂಕ್ ಉದ್ದಕ್ಕಿಂತ ಜಾಸ್ತಿ ಬಿಡಬೇಡಿ. ಬಿಳಿ ಎಳೆಯನ್ನ ಕಣ್ಣಿನ ಹಿಂದೂ ಕಟ್ಟಿ, ಬಾಗು ಶುರುವಾಗೋ ಮುಂಚೆ ನಿಲ್ಲಿಸಿ. ಇನ್ನೂ ಸುತ್ಕೊಂಡ್ರೆ ಎಲ್ಲಕ್ಕಿಂತ ಮೊದಲು 0.4 ಮಿ.ಮೀ. ನೈಲಾನಿನ ಸಣ್ಣ ಕುಣಿಕೆಯನ್ನ ಬಾಗಿನ ಹತ್ತಿರ ಮಲಗಿಸಿ ಕಟ್ಟಿ, 8 ಮಿ.ಮೀ. ಹಿಂದಕ್ಕೆ ಚಾಚಿರಲಿ. ಕೂದಲು ಅದರ ಮೇಲೆ ಕೂರ್ತದೆ. ಕತ್ತರಿಯಲ್ಲಿ ತುದಿ ಸಮ ಮಾಡೋಕೆ ಮಾತ್ರ ಹೋಗ್ಬೇಡಿ, ಪೊರಕೆ ಆಗಿಬಿಡ್ತದೆ. ಉದ್ದದ್ದನ್ನ ಒಂದೊಂದಾಗಿ ಕಿತ್ತು ತೆಗೀರಿ.

ಟ್ರೌಟಿಗೂ ಕೊರವಕ್ಕೂ ಒಂದೇ ಸಾಲದು. ಟ್ರೌಟ್ ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ. ಊಟಿ ಕಡೆ ತಿಳಿನೀರಿಗೆ 8ನೇ ನಂಬರಿನ ಸಣ್ಣ ಹುಕ್, ಒಟ್ಟು ಉದ್ದ 5 ಸೆಂ.ಮೀ., ಸೀಸ ಬಿಟ್ಟು ಮಣಿಸರದ ಕಣ್ಣು. ವಾಶ್‌ಬೇಸಿನ್ ಬೂಚಿನ ಸರ ಹಾರ್ಡ್‌ವೇರ್ ಅಂಗಡೀಲಿ ಸಿಗ್ತದೆ, ಎರಡೆರಡು ಮಣಿ ಕತ್ತರಿಸ್ಕೊಳ್ಳಿ. ಕೊರವ ಬಾಸ್ ಥರಾನೇ, ಜೊಂಡಿನಲ್ಲಿ ಹೊಂಚು ಹಾಕೋ ಜಾತಿ. ಅಲ್ಲಿ ಸೀಸದ ಕಣ್ಣು ಹಾಕಿದ್ರೆ ಪ್ರತಿ ಸಲ ಕಸ ಎಳ್ಕೊಂಡು ಬರ್ತದೆ. 1/0 ನಂಬರಿನ ದೊಡ್ಡ ಹುಕ್, ತೂಕ ಬೇಡ, ಕಸ ಸಿಕ್ಕದ ಹಾಗೆ ಮುಳ್ಳಿನ ಮುಂದೆ 0.5 ಮಿ.ಮೀ. ನೈಲಾನ್ ಅಡ್ಡ. ಶೃಂಗೇರಿ, ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಗಾಳ ಹಾಕೋಹಾಗಿಲ್ಲ, ಗೊತ್ತಿರ್ತದೆ.

ಬಣ್ಣಕ್ಕೆ ಪ್ಯಾಕೆಟ್ಟಿನ ಚಿತ್ರ ನೋಡೋ ಬದಲು ಹಳ್ಳದ ಮರಿಯನ್ನ ಗಾಜಿನ ಬಾಟ್ಲಿಗೆ ಹಾಕಿ ಪಕ್ಕದಿಂದ ನೋಡಿ. ನಮ್ಮ ರಾಸ್ಬೋರಾ ಅನ್ನೋ ಸಣ್ಣ ಮೀನಿಗೆ ಮೂತಿಯಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ, ಅದರ ಕೆಳಗೆ ಬೆಳ್ಳಿ. ಬಿಳಿಗೂ ಆಲಿವ್‌ಗೂ ನಡುವೆ ಕಪ್ಪು ಕೂದಲು ಎಂಟ್ಹತ್ತು ಸಾಕು, ಆ ಗೆರೆ ಬರ್ತದೆ. ಮಿಂಚುದಾರ ನಾಲ್ಕೆಳೆ.

ಆಗುಂಬೆ_ಮಳೆ:
ಹೊಳೆದಂಡೆ ಹೇಳಿದ ಅಂಟಿನ ಬಗ್ಗೆ ಒಂದು ತಕರಾರು. ಫೆವಿಕ್ವಿಕ್ ಗಾಳಿಯ ತೇವದಿಂದಲೇ ಗಟ್ಟಿಯಾಗೋದು. ಆಷಾಢದಲ್ಲಿ ಇಲ್ಲಿ ಹನಿ ಹಾಕಿದ್ರೆ ಸುತ್ತ ಬೂದಿ ಬಳಿದ ಹಾಗೆ ಬಿಳಿ ಕೂರ್ತದೆ, ಕಪ್ಪು ದಾರದ ಮೇಲಂತೂ ಎದ್ದು ಕಾಣ್ತದೆ. ಹನಿ ಬೇಡ, ಸೂಜಿ ತುದೀಲಿ ಮುಟ್ಟಿಸಿ. ತಲೆಗೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗೋ ಅಂಟು) ವಾಸಿ, ತೇವ ಅದಕ್ಕೆ ಲೆಕ್ಕಕ್ಕಿಲ್ಲ, ಆದ್ರೆ ಮಳೆಗಾಲದ ಬಿಸಿಲು ನಂಬದೆ ಯುವಿ ಟಾರ್ಚ್ ಇಟ್ಕೊಳ್ಳಿ. ಒದ್ದೆ ಫ್ಲೈಯನ್ನ ಡಬ್ಬಿಗೆ ಹಾಕಿ ಮುಚ್ಚಿದ್ರೆ ಹುಕ್ ತುಕ್ಕು, ಕೂದಲು ಬೂಷ್ಟು. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋರಿದಾರೆ. ಹೊಗೆ ವಾಸನೆ ಹಿಡೀತದೆ, ಅಷ್ಟು ಬಿಟ್ರೆ ತೊಂದ್ರೆ ಇಲ್ಲ.

ತೀರ್ಥಹಳ್ಳಿ_ಗಾಳ:
ಬಕೆಟ್ಟಿನಲ್ಲಿ ನೋಡಿದೆ. ಅರ್ಧ ಕೂದಲು ಕಿತ್ತ ಮೇಲೆ ಮುಳ್ಳು ಮೇಲಾಗಿ ಬಂತು. ಕಣ್ಣು ಇನ್ನೂ ಸ್ವಲ್ಪ ಅಲ್ಲಾಡ್ತದೆ, ಬಿಚ್ಚಿ ಕಟ್ಟಬೇಕಾ?

ಹೊಳೆದಂಡೆ:
ಬಿಚ್ಚಿ. ಅಲ್ಲಾಡೋ ಕಣ್ಣಿಗೆ ಮೇಲಿಂದ ಅಂಟು ಹಾಕಿದ್ರೆ ಕಲ್ಲಿಗೆ ಒಂದು ಸಲ ತಾಗಿದ ಕೂಡ್ಲೆ ಬಿಟ್ಕೊಳ್ತದೆ.