ಫೈಬರ್ ದೋಣಿಯ ತಳದಲ್ಲಿ ಬಿರುಕು, ನಾವೇ ಮುಚ್ಚಬಹುದಾ?

ಕೋಡಿಬೆಂಗ್ರೆಯವ: ದೋಣಿ ದಡಕ್ಕೆ ಎಳೆದಿಟ್ಟಿದ್ದೇವೆ. ತಳದಲ್ಲಿ ಗೇಣುದ್ದದ ಬಿರುಕು, ಒತ್ತಿದರೆ ನೀರು ಜಿನುಗುತ್ತದೆ. ಕಡಲು ಸ್ವಲ್ಪ ತಣ್ಣಗಾದ ಕೂಡಲೇ ಇಳಿಸಬೇಕು. ಮೇಲಿಂದ ಪುಟ್ಟಿ ಮೆತ್ತಿದರೆ ಸಾಕಾ?

ಮಲ್ಪೆ ಫೈಬರ್ ಕೆಲಸ: ಪುಟ್ಟಿ ಬೇಡ ಮಾರಾಯ್ರೆ, ನಾಲ್ಕು ಅಲೆ ಬಡಿದರೆ ಕಿತ್ತು ಬರುತ್ತದೆ. ಬಿರುಕನ್ನು ಗ್ರೈಂಡರಿನಲ್ಲಿ ಅಗಲ ಮಾಡಿ, ಅಂಚನ್ನು ಇಳಿಜಾರಾಗಿ ಉಜ್ಜಿ. ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಬಿಟ್ಟು ಬೆಳ್ಳಗಾದ ಹಳೇ ಮ್ಯಾಟ್ (ಗಾಜಿನ ನಾರಿನ ಹಾಸು) ಕಾಣುತ್ತದಲ್ಲ, ಅದು ಪೂರಾ ಹೋಗಬೇಕು. ಸಿಹಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಉಪ್ಪು, ಪಸೆ ಉಳಿದರೆ ರೆಸಿನ್ ಹಿಡಿಯುವುದಿಲ್ಲ. ಆಮೇಲೆ ಪದರ ಪದರವಾಗಿ ಮ್ಯಾಟ್ ಹಾಕಿ, ಗಾಳಿಗುಳ್ಳೆ ಹೋಗುವ ಹಾಗೆ ರೋಲರ್ ಒತ್ತಿ.

ಒಂದು ಮಾತು: ಕೋಬಾಲ್ಟನ್ನು (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮೊದಲು ರೆಸಿನ್‌ಗೆ ಕಲಸಿ, ಕ್ಯಾಟಲಿಸ್ಟ್ (ರೆಸಿನ್ ಗಟ್ಟಿ ಮಾಡುವ ದ್ರವ) ಕೊನೆಗೆ. ಅವೆರಡನ್ನೂ ನೇರ ಸೇರಿಸಿದರೆ ಬೆಂಕಿಯೇ ಹತ್ತಬಹುದು.

ಕೋಡಿಬೆಂಗ್ರೆಯವ: ಮಳೆ ಬಿಡುತ್ತಲೇ ಇಲ್ವಲ್ಲ ಅಣ್ಣ?

ಮಲ್ಪೆ ಫೈಬರ್ ಕೆಲಸ: ಟರ್ಪಾಲು ಕಟ್ಟಿ, ಎರಡೂ ಬದಿ ಗಾಳಿ ಆಡಲಿ. ಬೇಗ ಗಟ್ಟಿಯಾಗಲಿ ಅಂತ ಸುಮ್ನೆ ಕ್ಯಾಟಲಿಸ್ಟ್ ಜಾಸ್ತಿ ಸುರಿಯಬೇಡಿ. ರೆಸಿನ್ ತೂಕದ ಶೇಕಡಾ 1ರಿಂದ 2 ಸಾಕು.

ಗಂಗೊಳ್ಳಿ ಬಲೆ: ಉಜ್ಜುವಾಗ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಆ ಧೂಳಿನ ತುರಿಕೆ ರಾತ್ರಿ ನಿದ್ದೆ ಕೊಡುವುದಿಲ್ಲ!