‘ಗ್ರೌಂಡ್’ ಪದಕ್ಕೆ ಕನ್ನಡ: ಭೂಸಂಪರ್ಕವಾ, ಬಾಡಿಯಾ, ಕೂಡಲಾ?

ಗೆಳೆಯರೇ, ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವನು. ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಆಂಪ್ಲಿಫೈಯರ್ ಬೋರ್ಡ್ ಮಾಡುವುದನ್ನು ಹೇಳಿಕೊಡುತ್ತಿದ್ದೇನೆ. ಸದ್ದು ದೊಡ್ಡದು ಮಾಡುವ ಸ್ಯಾನ್ಯೋದ ಹಳೆಯ 4440 ಐಸಿ, ಒಂದು ಟ್ರಾನ್ಸ್‌ಫಾರ್ಮರ್, ಎರಡು ಸ್ಪೀಕರ್, ಅಷ್ಟೇ. ಅವನಿಗಾಗಿ ನಾಲ್ಕು ಪುಟ ಕನ್ನಡದಲ್ಲೇ ಬರೆದುಕೊಡೋಣ ಅಂತ ಕೂತೆ. ‘ಗ್ರೌಂಡ್’ ಅನ್ನುವ ಕಡೆ ಬಂದು ನಿಂತುಬಿಟ್ಟೆ.

ಬೇರೆ ಪದಗಳು ಅಷ್ಟು ಕಾಡಲಿಲ್ಲ. ಸೋಲ್ಡರಿಂಗ್‌ಗೆ ಬೆಸುಗೆ ಇದೆ. ಬೋರ್ಡಿನ ತಾಮ್ರದ ಟ್ರ್ಯಾಕನ್ನು ಮಾರ್ಕರಿನಲ್ಲಿ ಬಿಡಿಸುವಾಗ ‘ಗೆರೆ’ ಅಂದೆ, ಕರೆಂಟಿನ ಮಾತು ಬಂದಾಗ ‘ಹಾದಿ’ ಅಂದೆ. ಹಮ್ಮಿಂಗ್‌ಗೆ ‘ಗುಂಯ್‌ಗುಡುವುದು’ ಸಾಕು, ಕಿವಿಗೆ ಕೇಳುವುದೂ ಹಾಗೇ ಅಲ್ವಾ.

ಗ್ರೌಂಡ್‌ಗೆ ಪಠ್ಯಪುಸ್ತಕದ ‘ಭೂಸಂಪರ್ಕ’ ಹಾಕಿದೆ. ಹುಡುಗ ಓದಿ ಕೇಳಿದ: “ಮಾವ, ಹಾಗಾದ್ರೆ ಇದನ್ನ ಗೋಡೆ ಪ್ಲಗ್ಗಿನ ಅರ್ತ್‌ಗೆ ಕೊಡ್ಬೇಕಾ?” ತಪ್ಪು ಅವನದಲ್ಲ, ನನ್ನ ಪದದ್ದು. ಗೋಡೆಯ ಅರ್ತ್ ಅಂದರೆ ಮನೆ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಹೂತಿರುವುದು. ಅದು ಜೀವ ಉಳಿಸುವ ತಂತಿ. ಬೋರ್ಡಿನ ಗ್ರೌಂಡ್‌ಗೂ ಮಣ್ಣಿಗೂ ಸಂಬಂಧವೇ ಬೇಕಿಲ್ಲ. ಬ್ಯಾಟರಿ ರೇಡಿಯೋದಲ್ಲೂ ಗ್ರೌಂಡ್ ಇರುತ್ತದೆ. ಎಲ್ಲ ವೋಲ್ಟೇಜನ್ನೂ ಎಲ್ಲಿಂದ ಅಳೆಯುತ್ತೇವೋ ಆ ಸೊನ್ನೆ, ಕರೆಂಟ್ ವಾಪಸು ಬರುವ ಜಾಗ.

ಎರಡಕ್ಕೂ ಒಂದೇ ಪದ ಇದ್ದರೆ ಆಗುವ ಕೆಡುಕು ಸಣ್ಣದಲ್ಲ. ಗುಂಯ್ ಸದ್ದು ನಿಲ್ಲಿಸಲು ‘ಗ್ರೌಂಡ್ ಬಿಡಿಸು’ ಅಂತ ಯಾರೋ ಹೇಳುತ್ತಾರೆ, ಕೇಳಿದವನು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸುತ್ತಾನೆ. ಡಬ್ಬಿ ತಗಡಿನದಾಗಿದ್ದು, ಒಳಗೆ ಫೇಸ್ ತಂತಿ ತಗುಲಿದರೆ ಮುಟ್ಟಿದವರ ಕಥೆ ಮುಗಿದಂತೆ. ಮಳೆಗಾಲದ ಒದ್ದೆ ನೆಲದಲ್ಲಿ ಇನ್ನೂ ಅಪಾಯ.

ರಿಪೇರಿಯವರು ‘ಬಾಡಿ’ ಅನ್ನುತ್ತಾರೆ. ಆಡುವಾಗ ಚೆನ್ನಾಗಿದೆ. ಆದರೆ “ಕಪ್ಪು ತಂತಿಯನ್ನು ಬಾಡಿಗೆ ಕೊಡಿ” ಅಂತ ಬರೆದು ನೋಡಿ, ತಂತಿಯನ್ನು ಬಾಡಿಗೆಗೆ ಬಿಟ್ಟ ಹಾಗೆ ಕಾಣುತ್ತದೆ. ಮೇಲಾಗಿ ಬಾಡಿ ಅಂದರೆ ಡಬ್ಬಿಯ ಮೈ, ಬೋರ್ಡಿನ ಸೊನ್ನೆ ಅಲ್ಲ. ‘ನೆಲ’ ಅಂದರೆ ಮತ್ತೆ ಮಣ್ಣಿಗೇ ಬಂದೆವು.

ಇಷ್ಟರಲ್ಲಿ ಹುಡುಗ ಬೋರ್ಡ್ ಮಾಡಿಯೇಬಿಟ್ಟ. ಚಳಿಗೆ ಫೆರಿಕ್ ಕ್ಲೋರೈಡ್ ದ್ರಾವಣ ಮಾರ್ಕರ್ ಗೆರೆ ಇಲ್ಲದ ಕಡೆಯ ತಾಮ್ರವನ್ನು ತಿನ್ನುವುದು ನಿಧಾನವಾಗಿತ್ತು. ಪ್ಲಾಸ್ಟಿಕ್ ಡಬ್ಬಿಯನ್ನು ಬಚ್ಚಲೊಲೆಯ ಬಿಸಿನೀರಿನ ಬೋಗುಣಿಯಲ್ಲಿಟ್ಟು ಅಲುಗಾಡಿಸುತ್ತಾ ಕೂತ. ಗೆರೆಗಳು ಅಚ್ಚುಕಟ್ಟಾಗಿ ಬಂದವು. ಸ್ವಿಚ್ ಹಾಕಿದರೆ ಹಾಡಿಗೂ ಮೊದಲು ಗುಂಯ್! ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನಿಂದ ಅದರ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗೆ ಹೋಗುವ ಮೈನಸ್ ಹಾದಿಯ ನಡುವೆ ಇನ್‌ಪುಟ್‌ನ ಮೈನಸ್ ತಂದು ಸೇರಿಸಿದ್ದ. ಆ ಹಾದಿಯಲ್ಲಿ ಸೆಕೆಂಡಿಗೆ 100 ಸಲ ಕರೆಂಟ್ ನುಗ್ಗುತ್ತದೆ. ಮಾಮೂಲಿ 35 ಮೈಕ್ರಾನ್ ತಾಮ್ರದಲ್ಲಿ 1 ಮಿ.ಮೀ. ಅಗಲ, 2 ಸೆಂ.ಮೀ. ಉದ್ದದ ಗೆರೆಗೆ ಸುಮಾರು 0.01 ಓಮ್. ಒಂದು ಆಂಪಿಯರ್ ಹರಿದರೂ ಅಲ್ಲಿ 10 ಮಿಲಿವೋಲ್ಟ್. ಈ ಐಸಿ ಪೂರ್ತಿ ಜೋರಾಗಿ ಹಾಡಲು ಬೇಕಾದ ಸಿಗ್ನಲ್ಲೇ ಹತ್ತು ಹದಿನೈದು ಮಿಲಿವೋಲ್ಟ್! ಹಾಗಾಗಿ ಆ 10 ಮಿಲಿವೋಲ್ಟನ್ನೂ ಹಾಡು ಅಂತಲೇ ದೊಡ್ಡದು ಮಾಡುತ್ತದೆ.

ಇದನ್ನು ಅವನಿಗೆ ಹೇಗೆ ಹೇಳಲಿ? ತೋಟದ ಬಸಿಗಾಲುವೆ ತೋರಿಸಿದೆ. ದೊಡ್ಡ ಕಾಲುವೆ ತುಂಬಿ ಹರಿಯುವಾಗ ಅದಕ್ಕೆ ಸೇರುವ ಸಣ್ಣದರಲ್ಲಿ ನೀರು ಹಿಂದಕ್ಕೆ ಏರುತ್ತದೆ. ಸಣ್ಣ ಕಾಲುವೆಗೆ ಬೇರೆ ಹಾದಿ ಕೊಟ್ಟು, ಕೆರೆಯ ಹತ್ತಿರ ಸೇರಿಸಿದರೆ ಆ ಕಾಟ ಇಲ್ಲ. ಹುಡುಗ ಮಾತಾಡದೆ ಒಳಗೆ ಹೋದ. ಬ್ಲೇಡಿನಿಂದ ಗೆರೆ ಕಡಿದು, ಇನ್‌ಪುಟ್, ಐಸಿ, ಸ್ಪೀಕರ್ ಮೂರರ ಮೈನಸ್ಸಿಗೂ ಬೇರೆ ಬೇರೆ ತಂತಿ ಎಳೆದು, ಕೆಪಾಸಿಟರಿನ ಮೈನಸ್ ಕಾಲಿನಲ್ಲೇ ಸೇರಿಸಿದ. ಸದ್ದು ಹೋಯಿತು. ಸ್ಪೀಕರಿಗೆ ಕಿವಿ ಇಟ್ಟರೂ ಬರೀ ಸಣ್ಣ ಉಸಿರಿನಂಥ ಸದ್ದು.

ಆಗ ಹೊಳೆದದ್ದು ಕೂಡ್ಲಿ. ಶಿವಮೊಗ್ಗದ ಹತ್ತಿರ ತುಂಗಾ ಭದ್ರಾ ಸೇರುವ ಜಾಗ. ಅದಕ್ಕಿಂತ ಮೇಲೆ ಇವಳ ನೀರು ಇವಳದು, ಅವಳದು ಅವಳದು. ಹಾದಿಗಳು ಬೇರೆ ಬೇರೆ ಬಂದು ಒಂದೇ ಕಡೆ ಸೇರುವ ಈ ‘ಸ್ಟಾರ್ ಗ್ರೌಂಡ್’ಗೆ ‘ಕೂಡಲು’ ಅನ್ನಬಹುದಾ? ವಾಪಸು ಬರುವ ಹಾದಿಗೆ ‘ಬಸಿಹಾದಿ’, ಗೋಡೆಯದಕ್ಕೆ ‘ಅರ್ತ್’ ಅಥವಾ ಭೂಸಂಪರ್ಕ, ಡಬ್ಬಿಗೆ ಬಾಡಿ. ನಾಲ್ಕಕ್ಕೆ ನಾಲ್ಕು ಪದ.

ತೊಡಕು ಒಂದಿದೆ. “ತಂತಿಯನ್ನು ಕೂಡಲಿಗೆ ಬೆಸೆಯಿರಿ” ಅಂದರೆ ಸರಿಯಾಗಿ ಕೇಳುತ್ತದೆ. “ಕೂಡಲು ಬಿಸಿಯಾಗಿದೆ” ಅಂದರೆ ಕೂಡುವುದಕ್ಕೆ ಅನ್ನುವ ಕ್ರಿಯಾಪದದ ಹಾಗೆ ಕಾಣುತ್ತದೆ. ‘ಕೂಡಲೇ’ ಬೇರೆ ಅಡ್ಡ ಬರುತ್ತದೆ. ಕೂಡಲಸಂಗಮದ ಹಾಗೆ ‘ಕೂಡಲ’ ಅಂದರೆ ವಾಸಿಯೇ? ಅಥವಾ ‘ಕೂಡುತಾಣ’? ನನಗೆ ಕೊನೆಯದು ಸ್ವಲ್ಪ ಉದ್ದ ಅನಿಸುತ್ತದೆ, ಬೋರ್ಡಿನ ಮೇಲೆ ಬರೆಯಲು ಜಾಗ ಸಾಲದು.

ಧಾರವಾಡ, ಮಂಗಳೂರು, ಮೈಸೂರು ಕಡೆ ರಿಪೇರಿ ಅಂಗಡಿಗಳಲ್ಲಿ ಈ ಸೊನ್ನೆ ಜಾಗಕ್ಕೆ ಏನಂತಾರೆ? ಬಾಯಲ್ಲಿ ಓಡಾಡುವ ಪದ ಇದ್ದರೆ ನನ್ನದನ್ನು ಸಂತೋಷದಿಂದ ಬಿಡುತ್ತೇನೆ. ಹುಡುಗನ ಪುಟಗಳಲ್ಲಿ ಆ ಜಾಗ ಇನ್ನೂ ಪೆನ್ಸಿಲಿನಲ್ಲೇ ಇದೆ.